ಜೇಡಿಮಣ್ಣಿನ ಧರೆಗೆ ಕಟ್ಟಿದ ಕಲ್ಲಿನ ಗೋಡೆ ಹೊಟ್ಟೆ ಬಿಟ್ಟಿದೆ, ಹಿಂದಿನ ನೀರು ಹೊರಗೆ ಹಾಕೋದು ಹೇಗೆ?

ಗುಡ್ಡದಮನೆ

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ನಮ್ಮನೆ, ಗುಡ್ಡ ಕಡಿದು ಮಾಡಿರೋ ಜಾಗ, ಹಿತ್ಲ ಕಡೆ ಪೂರ್ತಿ ಧರೆ, ಅಂದ್ರೆ ಕಡಿದ ಗುಡ್ಡದ ನೆಟ್ಟಗಿನ ಮಣ್ಣಿನ ಮುಖ. ಎರಡು ಬೇಸಿಗೆ ಹಿಂದೆ ಆ ಧರೆಗೆ ಸೈಜ್ ಕಲ್ಲಲ್ಲಿ ಸಿಮೆಂಟ್ ಹಾಕಿ ಗೋಡೆ ಕಟ್ಸಿದ್ವಿ, ಉದ್ದ 60 ಅಡಿ, ಎತ್ರ 8 ಅಡಿ, ಬುಡದಲ್ಲಿ ಎರಡೂವರೆ ಅಡಿ ದಪ್ಪ, ಮೇಲೆ ಬರ್ತಾ ಒಂದೂಕಾಲು ಅಡಿ ಆಗಿದೆ. ಗೋಡೆ ಮೇಲ್ಗಡೆ ಜಾಗದಲ್ಲಿ ನಮ್ಮಮ್ಮ ಹೂವಿನ ಗಿಡ, ಸ್ವಲ್ಪ ತರಕಾರಿ ಮಾಡ್ಕೊಂಡಿದಾರೆ, ಅದ್ರ ಮೇಲೆ ಕೊಟ್ಟಿಗೆ, ಅದಕ್ಕೂ ಮೇಲೆ ಮಣ್ಣಿನ ರಸ್ತೆ.

ಮೊದಲ್ನೇ ಮಳೆಗಾಲ ಏನೂ ಆಗ್ಲಿಲ್ಲ. ಹೋದ್ವರ್ಷ ಪುನರ್ವಸು ಮಳೆ ಹಿಡ್ಕೊಂಡು ಬಿಡದೆ ಹೊಡೀತಲ್ಲ, ಆವಾಗ ಗೋಡೆ ಮಧ್ಯದಲ್ಲಿ ಹೊಟ್ಟೆ ಬಂದ್ಬಿಡ್ತು. ನೆಲದಿಂದ ಸುಮಾರು ಮೂರಡಿ ಎತ್ರದಲ್ಲಿ ಅಡ್ಡಕ್ಕೆ ಒಂದು ಬಿರುಕು ಓಡಿದೆ, ಸಿಮೆಂಟ್ ಸಂದೀಲಿ ಬಿಳೀ ಉಪ್ಪು ತರ ಕಟ್ಟಿದೆ, ಮೇಲ್ಗಡೆ ಗೋಡೆಗೂ ಮಣ್ಣಿಗೂ ಮಧ್ಯ ಕೈಬೆರಳು ಹೋಗೋಷ್ಟು ಸಂದು ಬಿಟ್ಟಿದೆ. ನೀರು ಹೋಗಕ್ಕೆ ಪೈಪ್ ಇಟ್ಟಿದಾರೆ, ಎರಡಿಂಚಿಂದು, ಎಲ್ಲಾ ಒಂದೇ ಸಾಲು, ನೆಲದಿಂದ ನಾಲ್ಕಡಿ ಎತ್ರದಲ್ಲಿ, ಹತ್ತಡಿಗೊಂದು. ಅಷ್ಟು ಮಳೇಲೂ ಎರಡು ಪೈಪಲ್ಲಿ ಮಾತ್ರ ನೀರು ಬಂತು, ಬಾಕಿದು ಒಣಗೇ ಇದ್ವು, ಆದ್ರೆ ಗೋಡೆ ಬುಡ ಮಾತ್ರ ಇಡೀ ಮಳೆಗಾಲ ಜಿನುಗ್ತಾನೇ ಇತ್ತು. ಕಟ್ಟುವಾಗ ಹಿಂದ್ಗಡೆ ಜಲ್ಲಿ ಏನೂ ಹಾಕಿಲ್ಲ, ಕಡಿದ ಮಣ್ಣನ್ನೇ ಜೆಸಿಬೀಲಿ ತುಂಬಿ ಬಕೆಟಲ್ಲಿ ಒತ್ತಿದ್ದು.

ಈಗ ಒಬ್ರು ಮೇಸ್ತ್ರಿ ಬಂದು ನೋಡಿ ಮುಂದ್ಗಡೆ ಪೂರ್ತಿ ವಾಟರ್‌ಪ್ರೂಫ್ ಕೆಮಿಕಲ್ ಹಾಕಿ ಪ್ಲಾಸ್ಟರ್ ಹೊಡೆದ್ರೆ ಜಿನುಗೋದು ನಿಲ್ಲತ್ತೆ ಅಂದ್ರು. ಇನ್ನೊಬ್ರು ಇನ್ನೂ ನಾಲ್ಕು ತೂತು ಹೊಡೀರಿ ಸಾಕು ಅಂದ್ರು. ಮೃಗಶಿರ ಹಿಡಿಯಕ್ಕೆ ಇನ್ನು ಮೂರ್ನಾಲ್ಕು ವಾರ ಇದೆ ಅಷ್ಟೆ. ಗೋಡೆಯಿಂದ ಅಡುಗೆಮನೆ ಬಾಗ್ಲಿಗೆ ಹನ್ನೆರಡಡಿ, ಮಕ್ಳು ಅಲ್ಲೇ ಓಡಾಡ್ತಾವೆ. ಏನ್ ಮಾಡ್ಬೇಕು ಅಂತ ಗೊತ್ತಿರೋರು ದಯವಿಟ್ಟು ಹೇಳಿ.


ಕಲ್ಲುಕೆಲಸ

ಪ್ಲಾಸ್ಟರ್ ಮಾತ್ರ ಹೊಡೆಸ್ಬೇಡಿ ಮಾರಾಯ್ರೆ, ಮೊದ್ಲು ಅದನ್ನ ಹೇಳ್ತೀನಿ. ಈಗ ಬುಡದಲ್ಲಿ ಜಿನುಗ್ತಾ ಇರೋದೇ ನಿಮ್ಮ ಗೋಡೇನ ಇಲ್ಲೀವರೆಗೆ ಉಳಿಸಿರೋದು. ಆ ಸಂದೂ ಮುಚ್ಚಿದ್ರೆ ನೀರು ಎಲ್ಲಿಗೆ ಹೋಗ್ಬೇಕು? ಒಳಗೇ ನಿಂತ್ಕೊಂಡು ಎತ್ರ ಏರ್ತಾ ಹೋಗತ್ತೆ. ಮುಂದ್ಗಡೆ ಚಂದ ಕಾಣತ್ತೆ, ಜುಲೈಲಿ ಗೋಡೆ ಅಂಗಳದಲ್ಲಿ ಮಲಗಿರತ್ತೆ.

ಪೈಪ್ ಇಟ್ಟಿರೋ ಕ್ರಮಾನೇ ಸರಿ ಇಲ್ಲ. ನಾಲ್ಕಡಿ ಎತ್ರದಲ್ಲಿ ಪೈಪ್ ಇಟ್ರೆ ಅದ್ರ ಕೆಳಗಿನ ನಾಲ್ಕಡಿ ನೀರು ಯಾವತ್ತೂ ಹೊರಗೆ ಬರಲ್ಲ, ತುಂಬಿ ನಾಲ್ಕಡಿ ಮುಟ್ಟಿದ ಮೇಲೇನೇ ಪೈಪಿಗೆ ಸಿಗೋದು. ನಾವು ಇಡೋದು ಹೆಂಗೆ ಅಂದ್ರೆ ಕೆಳಗಿನ ಸಾಲು ಮುಂದಿನ ನೆಲದಿಂದ ಅರ್ಧ ಅಡಿ ಮೇಲೆ, ಅದ್ರ ಮೇಲಿನ ಸಾಲು ಮೂರ್ಮೂರೂವರೆ ಅಡಿಗೆ, ಎರಡು ಸಾಲು ಒಂದರ ನೆತ್ತಿ ಮೇಲೆ ಒಂದು ಬರದ ಹಾಗೆ ಮಧ್ಯಕ್ಕೆ ಹಾಕ್ತೀವಿ. ಪೈಪ್ ನಾಲ್ಕಿಂಚಿಂದು, ಕಡಿಮೆ ಅಂದ್ರೂ ಮೂರಿಂಚು. ಎರಡಿಂಚಿನ ಪೈಪಲ್ಲಿ ಒಂದು ಏಡಿ ಕೂತ್ರೂ ಮುಗೀತು, ಇಲ್ಲಾಂದ್ರೆ ಗೂಡು ಕಟ್ಟೋ ಕಣಜ ಮಣ್ಣು ತುಂಬಿ ಬಂದ್ ಮಾಡತ್ತೆ. ಮತ್ತೆ ಹೊರಗಡೆಗೆ ಇಳಿಜಾರು ಬೇಕು, 20 ಇಂಚಿಗೆ ಒಂದಿಂಚಾದ್ರೂ. ಎಷ್ಟೋ ಕಡೆ ನೋಡಿದೀನಿ ಪೈಪನ್ನ ಸಮ ಇಟ್ಟಿರ್ತಾರೆ, ಕೆಲವು ಒಳಗಡೆಗೇ ವಾಲಿರತ್ತೆ.

ಆಮೇಲೆ ಬರೀ ಪೈಪ್ ಇಟ್ರೆ ಆಗಲ್ಲ, ಒಳಗಡೆ ಬಾಯಿಗೆ ದಪ್ಪ ಜಲ್ಲಿ ಗುಡ್ಡೆ ಹಾಕ್ಬೇಕು. ಮಣ್ಣೇ ನೇರ ಬಾಯಿಗೆ ಕೂತ್ರೆ ಒಂದು ಮಳೆಗಾಲಕ್ಕೆ ಕಟ್ಕೊಳತ್ತೆ.


ಸೈಟ್‌ಇಂಜಿನಿಯರ್

ಮೇಲಿನವ್ರು ಹೇಳಿದ್ದು ಪೂರ್ತಿ ಸರಿ, ಆದ್ರೆ ನಿಮ್ಮ ಕೇಸಲ್ಲಿ ತೂತು ಹೆಚ್ಚು ಮಾಡಿದ್ರೂ ಅರ್ಧ ಕೆಲಸಾನೇ ಆಗೋದು, ಯಾಕೆ ಅಂತ ಹೇಳ್ತೀನಿ.

ಮರಳು ಮಣ್ಣಾಗಿದ್ರೆ ತೂತಿನ ಅಕ್ಕಪಕ್ಕ ಐದಾರು ಅಡಿ ನೀರು ತಾನೇ ಹುಡುಕ್ಕೊಂಡು ಬರತ್ತೆ. ಜೇಡಿಮಣ್ಣಲ್ಲಿ ಹಾಗಲ್ಲ, ಜಲ್ಲೀಲಿ ಒಂದು ಸೆಕೆಂಡಲ್ಲಿ ದಾಟೋ ದೂರಾನ ಜೇಡೀಲಿ ದಾಟಕ್ಕೆ ನೀರಿಗೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಅದಕ್ಕೇ ನಿಮಗೆ ಎರಡೇ ಪೈಪಲ್ಲಿ ನೀರು ಬಂದಿದ್ದು, ಆ ಎರಡಕ್ಕೆ ಏನೋ ಅದೃಷ್ಟಕ್ಕೆ ಹಿಂದೆ ಕಲ್ಲುಚೂರೋ ಸಂದೋ ಸಿಕ್ಕಿದೆ, ಬಾಕಿ ಪೈಪ್‌ಗಳ ಹಿಂದೆ ಹಸಿ ಜೇಡಿ ಬೆಣೆ ಹೊಡೆದ ಹಾಗೆ ಕೂತಿದೆ. ಪೈಪ್ ಒಣಗಿದೆ ಅಂದ್ರೆ ಹಿಂದೆ ನೀರಿಲ್ಲ ಅಂತ ಅರ್ಥ ಅಲ್ಲ.

ಲೆಕ್ಕ ನೋಡಿ. ಹಿಂದ್ಗಡೆ ನೀರು ನಾಲ್ಕಡಿ ನಿಂತ್ರೆ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೆ ಬರೀ ನೀರಿನ ತಳ್ಳೋ ಬಲ ಮುಕ್ಕಾಲು ಟನ್. ಎಂಟಡಿ ನಿಂತ್ರೆ ಒಂದೂವರೆ ಟನ್ ಅಲ್ಲ, ಮೂರು ಟನ್. ಎತ್ರ ಎರಡು ಪಟ್ಟಾದ್ರೆ ಬಲ ನಾಲ್ಕು ಪಟ್ಟಾಗತ್ತೆ, ಗೋಡೆ ಮಗುಚೋ ಶಕ್ತಿ ಎಂಟು ಪಟ್ಟು. ನೀರು ಬಸಿದು ಹೋಗಿರೋ ಒಳ್ಳೆ ಗ್ರಾವೆಲ್ ಮಣ್ಣು ಅದೇ ಎಂಟಡಿ ಗೋಡೇನ ತಳ್ಳೋದು ಎರಡು ಟನ್ನಿಗಿಂತ ಕಡಿಮೆ. ಅಂದ್ರೆ ನೀರು ನಿಂತ ಧರೆ ಒಣ ಧರೆಗಿಂತ ಹೆಚ್ಚುಕಡಿಮೆ ಎರಡರಷ್ಟು ತಳ್ಳತ್ತೆ. ನಿಮ್ಮ ಗೋಡೆ ಬುಡ ಎರಡೂವರೆ ಅಡಿ ಅಂದ್ರಿ, ಎಂಟಡಿ ಎತ್ರಕ್ಕೆ ತನ್ನ ಭಾರದಲ್ಲೇ ನಿಲ್ಲೋ ಕಲ್ಲಿನ ಗೋಡೆ ಅಂದ್ರೆ ಬುಡ ಎತ್ರದ ಅರ್ಧದಷ್ಟಾದ್ರೂ ಬೇಕು, ನಾಲ್ಕಡಿ. ಗೋಡೇನೇ ಸಣ್ಣ ಇದೆ, ಅದ್ರ ಮೇಲೆ ನೀರಿನ ಭಾರ ಹೊರಕ್ಕೆ ಅದ್ರ ಕೈಲಿ ಆಗಲ್ಲ.

ಮೇಲ್ಗಡೆ ಸಂದು ಬಿಟ್ಟಿದೆ ಅಂದ್ರಲ್ಲ, ಅದನ್ನ ಸಣ್ಣದು ಅಂದ್ಕೋಬೇಡಿ. ಬೇಸಿಗೇಲಿ ಜೇಡಿ ಒಣಗಿ ಕುಗ್ಗಿ ಗೋಡೆಯಿಂದ ಬಿಟ್ಕೊಳತ್ತೆ, ಗೋಡೆ ಮುಂದೆ ಸರಿದಿದ್ರೂ ಬಿಟ್ಕೊಳತ್ತೆ. ಆಮೇಲೆ ಮೊದಲ್ನೇ ದೊಡ್ಡ ಮಳೆ ನೇರ ಆ ಸಂದಿಗೆ ಇಳಿಯತ್ತೆ. ಸಂದು ಬೆರಳಗಲ ಇದ್ರೂ ಅಷ್ಟೆ, ಮೂರಡಿ ಅಗಲ ಇದ್ರೂ ಅಷ್ಟೆ, ನೀರಿನ ಒತ್ತಡ ಅದ್ರ ಆಳದ ಮೇಲೆ ಹೋಗತ್ತೆ, ಅಗಲದ ಮೇಲಲ್ಲ.

ಮುಂದೆ ಏನಾದ್ರೂ ಹೇಳಕ್ಕೆ ಮುಂಚೆ ಸ್ವಲ್ಪ ವಿಷಯ ಬೇಕು. ಒಂದು, ಮೇಲಿಂದ ತೂಗುಗುಂಡು ಬಿಟ್ಟು ಹೊಟ್ಟೆ ಎಷ್ಟು ಇಂಚು ಮುಂದೆ ಬಂದಿದೆ ಅಳೆದು ಹೇಳಿ. ಇನ್ನೊಂದು, ಗೋಡೆ ಮುಗಿಯೋ ಜಾಗದಲ್ಲಿ ಧರೆ ಓಪನ್ ಇರ್ಬೇಕಲ್ಲ, ಅಲ್ಲಿ ಮಣ್ಣು ಮೇಲಿಂದ ಕೆಳಗೆ ಬಣ್ಣ ಹೇಗೆ ಬದಲಾಗತ್ತೆ, ಮಳೆಗಾಲದಲ್ಲಿ ನೀರು ಯಾವ ಮಟ್ಟದಲ್ಲಿ ಒಸರತ್ತೆ? ಮಣ್ಣನ್ನ ಗಾಜಿನ ಬಾಟ್ಲೀಲಿ ಮೂರ್ನೇ ಒಂದು ಭಾಗ ಹಾಕಿ ನೀರು ತುಂಬಿ ಚೆನ್ನಾಗಿ ಕುಲುಕಿ ಇಟ್ಬಿಡಿ, ಮರಳು ನಿಮಿಷದೊಳಗೆ ಕೂರತ್ತೆ, ನುಣ್ಣನೆ ಹೂಳು ಕೆಲವು ಗಂಟೇಲಿ, ಮಾರನೇ ದಿನಾನೂ ನೀರು ಕದಡಿಕೊಂಡೇ ಇದ್ರೆ ಅದು ಜೇಡಿ.


ಗುಡ್ಡದಮನೆ

ತುಂಬಾ ಥ್ಯಾಂಕ್ಸ್, ಎಲ್ಲಾ ನೋಡ್ಕೊಂಡು ಬರೀತಿದೀನಿ. ತೂಗುಗುಂಡು ಬಿಟ್ಟೆ, ಮಧ್ಯದಲ್ಲಿ ಒಂದೂವರೆ ಇಂಚು ಹೊರಗೆ ಬಂದಿದೆ, ಎರಡೂ ತುದೀಲಿ ಸರಿ ಇದೆ.

ಧರೆ ಓಪನ್ ಇರೋ ಕಡೆ ಮೇಲಿಂದ ಐದಡಿ ಕೆಂಪು ಮಣ್ಣು, ಅದ್ರಲ್ಲಿ ಜಂಬಿಟ್ಟಿಗೆ ಕಲ್ಲಿನ ಗಟ್ಟಿ ತುಂಡುಗಳು, ತೂತು ತೂತು. ಅದ್ರ ಕೆಳಗೆ ಒಂದೇ ಸಲ ಬಣ್ಣ ಬದಲಾಗಿ ಬಿಳಿ, ತಿಳಿ ಗುಲಾಬಿ, ಅಲ್ಲಲ್ಲಿ ಅರಿಶಿನ ಬಣ್ಣದ ಪಟ್ಟೆ. ಈಗ ಒಣಗಿರೋವಾಗ ಗುದ್ದಲಿ ಹಾಕಿದ್ರೂ ಗಟ್ಟಿ ಇದೆ, ಕೈಲಿ ಉಜ್ಜಿದ್ರೆ ಮುಖಕ್ಕೆ ಹಾಕೋ ಪೌಡರ್ ತರ ನುಣ್ಣಗೆ ಉದುರತ್ತೆ. ಒಂದು ಹೆಂಟೆ ತಂದು ಬಕೆಟ್ ನೀರಲ್ಲಿ ಇಟ್ರೆ ನೋಡ್ತಾ ನೋಡ್ತಾ ಅಂಚಿಂದ ಕರಗಿ ಕೆಸರಾಗಿ ಕುಸಿದು ಕೂತ್ಬಿಡ್ತು, ಕೆಂಪು ಮಣ್ಣಿನ ಹೆಂಟೆ ಹಾಗೇ ಇತ್ತು. ನೀರು ಒಸರೋದು ಆ ಕೆಂಪು ಮುಗಿದು ಬಿಳಿ ಶುರುವಾಗೋ ಗೆರೇಲೇ, ಅಮ್ಮ ಹೇಳೋ ಪ್ರಕಾರ ಆರಿದ್ರಾ ಕಳೆದ ಮೇಲೆ ಅಲ್ಲಿ ಜಲ ಏಳತ್ತೆ, ದೀಪಾವಳಿವರೆಗೂ ಬತ್ತಲ್ಲ. ಗೋಡೇಲಿರೋ ಬಿರುಕು ಕೂಡ ಆ ಗೆರೆ ಮಟ್ಟಕ್ಕೇ ಸರಿಯಾಗಿ ಇದೆ!


ಸಾಗರ_ತೋಟ

ಅದು ಶೇಡಿ. ನೀವು ವರ್ಣನೆ ಕೊಟ್ಟಿದ್ದು ನೋಡಿದ್ರೆ ಬೇರೆ ಏನೂ ಇರಕ್ಕೆ ಸಾಧ್ಯ ಇಲ್ಲ. ನಮ್ಮ ಕಡೆ ಹಳೇ ಕಾಲದಲ್ಲಿ ಗೋಡೆಗೆ ಬಳಿಯಕ್ಕೆ, ಹಸೆ ಬರೆಯಕ್ಕೆ ಬಳಸ್ತಿದ್ದ ಬಿಳೀ ಮಣ್ಣು ಇದೇ. ಜಂಬಿಟ್ಟಿಗೆ ಪದರದ ಕೆಳಗೆ ಕರಾವಳಿಯಿಂದ ಘಟ್ಟದ ಮೇಲಿನವರೆಗೂ ಎಷ್ಟೋ ಕಡೆ ಸಿಗತ್ತೆ. ಒಣಗಿದ್ದಾಗ ಕಡಿದ್ರೆ ಗೋಡೆ ತರ ನೆಟ್ಟಗೆ ನಿಲ್ಲತ್ತೆ, ಅದನ್ನ ನೋಡಿ ಜೆಸಿಬಿಯವ್ರು ಧೈರ್ಯವಾಗಿ ನೆಟ್ಟಗೇ ಕಡಿದು ಹೋಗ್ತಾರೆ. ನೀರು ಕುಡಿದ ಮೇಲೆ ಅದಕ್ಕೆ ಶಕ್ತಿನೇ ಇರಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಧರೆ ಕುಸಿದ ಜಾಗಗಳನ್ನ ನೋಡಿ, ಕೆಂಪು ಮೇಲೆ ಬಿಳಿ ಕೆಳಗೆ ಇರೋದೇ ಜಾಸ್ತಿ.

ಜಲ ಆ ಗೆರೇಲೇ ಯಾಕೆ ಅಂದ್ರೆ ಮೇಲಿನ ಜಂಬಿಟ್ಟಿಗೆ ತೂತು ತೂತು, ಮಳೆ ನೀರು ಸರಾಗ ಇಳಿಯತ್ತೆ, ಶೇಡಿ ಮುಟ್ಟಿದ ಕೂಡ್ಲೇ ಕೆಳಗೆ ಹೋಗಕ್ಕೆ ಜಾಗ ಇಲ್ದೆ ಅಡ್ಡಕ್ಕೆ ಹರಿಯತ್ತೆ, ಗುಡ್ಡ ಕಡಿದ ಕಡೆ ಹೊರಗೆ ಬರತ್ತೆ. ನಿಮ್ಮ ಗೋಡೆ ಆ ಬಾಯನ್ನ ಮುಚ್ಚಿ ನಿಂತಿದೆ. ಹಾಗಾಗಿ ಇದು ಗೋಡೆ ಹತ್ರ ಬಿದ್ದ ಮಳೆ ನೀರಷ್ಟೇ ಅಲ್ಲ, ಮೇಲಿನ ಇಡೀ ಗುಡ್ಡದ ನೀರು. ಮಳೆ ನಿಂತು ವಾರ ಆದ್ರೂ ಬರ್ತಾನೇ ಇರತ್ತೆ.

ಅದ್ರ ಜೊತೆ ನೀವೇ ಮೇಲಿಂದ ಎಷ್ಟು ನೀರು ಕೊಡ್ತಿದೀರಿ ಅಂತ ನೋಡ್ಕೊಳ್ಳಿ. ಕೊಟ್ಟಿಗೆ ಶೀಟಿನ ನೀರು ಎಲ್ಲಿಗೆ ಬೀಳತ್ತೆ? ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್. ಸಾವಿರ ಚದರಡಿ ಶೀಟಿದ್ರೆ 100 ಮಿಲಿಮೀಟರ್ ಮಳೆಗೆ ಒಂಬತ್ತು ಸಾವಿರ ಲೀಟರ್ ದಾಟತ್ತೆ, ಎರಡು ದೊಡ್ಡ ಟ್ಯಾಂಕರ್ ನೀರು. ನಿಮ್ಮ ಕಡೆ ಜುಲೈಲಿ ದಿನಕ್ಕೆ 100 ಮಿಲಿಮೀಟರ್ ಅನ್ನೋದು ದೊಡ್ಡ ಸುದ್ದಿನೇ ಅಲ್ಲ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೇಲೆ ಬೀಳತ್ತೆ, ಶಿವಮೊಗ್ಗ ಪೇಟೇಲಿ ಸಾವಿರದ ಆಸುಪಾಸು, ಒಂದೇ ಜಿಲ್ಲೆ ಆದ್ರೂ. ಪೇಟೆ ಲೇಔಟಲ್ಲಿ ಕಟ್ಟೋ ಗೋಡೇನ ತಂದು ನಮ್ಮ ಗುಡ್ಡದಲ್ಲಿ ಹಾಗೇ ಕಟ್ತಾರೆ ಅನ್ನೋದೇ ನನಗೆ ಬೇಜಾರು.

ಮಾಡ್ಬೇಕಾದ್ದು: ಕೊಟ್ಟಿಗೆ ಶೀಟಿನ ಅಂಚಿಗೆ ನೀರು ಹಿಡಿಯೋ ದಂಬೆ ಹಾಕಿ ನೀರನ್ನ ಪೈಪಲ್ಲೇ ಗೋಡೆ ತುದಿ ದಾಟಿಸಿ ಕೆಳಗೆ ಬಿಡಿ. ರಸ್ತೆ ನೀರು ಹಿತ್ಲಿಗೆ ನುಗ್ಗದ ಹಾಗೆ ಮೇಲ್ಗಡೆ ಒಂದು ಅಗಳ (ಕಾಲುವೆ) ತೆಗೀರಿ, ಆದ್ರೆ ಅಗಳ ತೆಗೆದು ಹಾಗೇ ಬಿಡ್ಬೇಡಿ, ಬರೀ ಮಣ್ಣಿನ ಅಗಳ ಗೋಡೆ ಮೇಲೆ ಇದ್ರೆ ಅದೇ ನೀರು ಇಂಗಿಸೋ ಗುಂಡಿ ಆಗತ್ತೆ. ತಳಕ್ಕೆ ಕಾಂಕ್ರೀಟ್ ಹಾಕಿ, ಈ ವರ್ಷಕ್ಕೆ ಪುರುಸೊತ್ತಿಲ್ಲ ಅಂದ್ರೆ ದಪ್ಪ ಸಿಲ್ಪಾಲಿನ್ ಪ್ಲಾಸ್ಟಿಕ್ ಶೀಟ್ ಆದ್ರೂ ಹಾಸಿ, ಇಳಿಜಾರು ನೀರು ನಿಲ್ಲದ ಹಾಗೆ ಇರ್ಲಿ. ಹಿತ್ಲಲ್ಲಿ ಡ್ರಿಪ್ಪೋ ಸ್ಪ್ರಿಂಕ್ಲರೋ ಇದ್ರೆ ಗೋಡೆಯಿಂದ ದೂರ ತಗೊಂಡು ಹೋಗಿ.


ಒಣಕಲ್ಲು

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ಹೊಸನಗರ ಕಡೆ ತೋಟದ ಮೇಲಿನ ಕಲ್ಲುಕಟ್ಟೆಗಳನ್ನ ನೋಡಿ, ಅಜ್ಜನ ಕಾಲದ್ದು, ಒಂದು ಚಮಚ ಸಿಮೆಂಟಿಲ್ಲ, ಕಾಡುಗಲ್ಲು ಒಂದರ ಮೇಲೊಂದು ಕೂರಿಸಿದ್ದು, ಇವತ್ತಿಗೂ ಅಲ್ಲಾಡಿಲ್ಲ. ಮಳೇಲಿ ಇಡೀ ಮುಖದಲ್ಲಿ ನೀರು ಸುರೀತಿರತ್ತೆ, ಒಳಗೆ ನಿಲ್ಲಕ್ಕೆ ಅವಕಾಶಾನೇ ಇಲ್ಲ. ಸಿಮೆಂಟ್ ಬಂದ ಮೇಲೇನೇ ಈ ಹೊಟ್ಟೆ ಬಿಡೋ ಸಮಸ್ಯೆ ಶುರುವಾಗಿದ್ದು ಅನ್ಸತ್ತೆ. ಈ ಗೋಡೆ ಬಿಚ್ಚಿ ಅದೇ ಕಲ್ಲಲ್ಲಿ ಒಣ ಕಟ್ಟೆ ಕಟ್ಟಿಸೋದೇ ಶಾಶ್ವತ ಪರಿಹಾರ.


ಸೈಟ್‌ಇಂಜಿನಿಯರ್

ಒಣಕಲ್ಲು ಅವ್ರೆ, ನೀವು ಹೇಳೋ ತತ್ವ ನೂರಕ್ಕೆ ನೂರು ಒಪ್ತೀನಿ, ಕಲ್ಲಿನ ಸಂದೆಲ್ಲಾ ತೂತೇ ಆಗಿರೋ ಗೋಡೆಗಿಂತ ಒಳ್ಳೆ ಡ್ರೈನೇಜ್ ಇಲ್ಲ. ಆದ್ರೆ ಆ ಹಳೇ ಕಟ್ಟೆಗಳನ್ನ ಒಂದ್ಸಲ ಅಳೆದು ನೋಡಿ, ಹೆಚ್ಚಿನವು ನಾಲ್ಕೈದು ಅಡಿ ಎತ್ರ ಅಷ್ಟೆ, ಬುಡ ಭಾರೀ ಅಗಲ, ಮುಖ ಚೆನ್ನಾಗಿ ಧರೆ ಕಡೆಗೆ ವಾಲಿರತ್ತೆ, ಹಿಂದೆ ಸಣ್ಣ ಕಲ್ಲು ತುಂಬಿರ್ತಾರೆ. ಎಂಟಡಿ ಬೇಕಂದ್ರೆ ಒಂದೇ ಗೋಡೆ ಬದ್ಲು ನಾಲ್ಕ್ನಾಲ್ಕು ಅಡೀದು ಎರಡು ಮೆಟ್ಲಾಗಿ ಕಟ್ಬೇಕು, ಮೇಲಿನ ಮೆಟ್ಲು ಸಾಕಷ್ಟು ಹಿಂದಕ್ಕೆ ಸರಿದಿರ್ಬೇಕು, ಇಲ್ಲಾಂದ್ರೆ ಅದ್ರ ಭಾರಾನೂ ಕೆಳಗಿನದ್ರ ಮೇಲೇ. ಇವ್ರಿಗೆ ಅಡುಗೆಮನೆ ಹನ್ನೆರಡಡಿ ದೂರದಲ್ಲಿದೆ, ಹಿಂದೆ ಕೊಟ್ಟಿಗೆ ಇದೆ, ಜಾಗ ಸಿಗತ್ತೋ ಇಲ್ವೋ. ಮತ್ತೆ ಶೇಡಿ ಎದುರಿಗೆ ಬರೀ ಒಣ ಕಲ್ಲಿಟ್ರೆ ಆ ನುಣ್ಣನೆ ಮಣ್ಣು ನೀರ ಜೊತೆ ಸಂದಿಂದ ಹೊರಗೆ ಬಂದು ಒಳಗೆ ಪೊಳ್ಳಾಗತ್ತೆ, ಮೇಲಿನ ಹಿತ್ಲು ಒಂದಿನ ಗುಂಡಿ ಬೀಳತ್ತೆ. ಮಧ್ಯ ಸೋಸೋ ಪದರ ಬೇಕೇ ಬೇಕು.

ಗುಡ್ಡದಮನೆ ಅವ್ರಿಗೆ: ಒಂದೂವರೆ ಇಂಚು ಹೊಟ್ಟೆ ಮತ್ತು ಅಡ್ಡ ಬಿರುಕು, ಎರಡೂ ಒಟ್ಟಿಗೆ ಇರೋದ್ರಿಂದ ಇದನ್ನ ಹಗುರವಾಗಿ ತಗೋಬೇಡಿ, ಮಳೆಗೆ ಮುಂಚೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರನ್ನ ಕರೆಸಿ ಸ್ಥಳದಲ್ಲೇ ತೋರಿಸಿ. ಇಲ್ಲಿ ಬರೆಯೋದು ಅದಕ್ಕೆ ಬದಲಿ ಅಲ್ಲ.

ಈಗ ಹಿಂದ್ಗಡೆ ಪೂರ್ತಿ ಅಗೆಯಕ್ಕೆ ಹೋಗ್ಬೇಡಿ. ಅರ್ಧ ಅಗೆದಿರೋವಾಗ ರೋಹಿಣಿ ಮಳೆ ಹೊಡೆದ್ರೆ ತೆರೆದ ಶೇಡಿ ನೀರು ಕುಡಿದು ಕೊಟ್ಟಿಗೆ ಸಮೇತ ಬರತ್ತೆ. ಈ ಮೂರು ವಾರದಲ್ಲಿ ಮೇಲಿನ ಕೆಲಸ ಮಾತ್ರ. ಗೋಡೆ ಹಿಂದಿನ ಮಣ್ಣಲ್ಲಿ ಮೇಲಿನ ಎರಡು ಮೂರಡಿ, ಗೋಡೆಯಿಂದ ಹಿಂದಕ್ಕೆ ನಾಲ್ಕೈದು ಅಡಿವರೆಗೆ ಇಳಿಜಾರಾಗಿ ಕೈಯಲ್ಲಿ ತೆಗೆಸಿ, ಭಾರ ಅಷ್ಟು ಇಳಿದ್ರೆ ದೊಡ್ಡ ವ್ಯತ್ಯಾಸ, ಅಮ್ಮನ ಗಿಡ ಒಂದು ವರ್ಷ ಬೇರೆ ಕಡೆ ಇರ್ಲಿ. ತೆಗೆದ ಜಾಗದಲ್ಲಿ ನೀರು ನಿಲ್ಲದ ಹಾಗೆ ತುದಿ ಕಡೆಗೆ ಓಟ ಕೊಟ್ಟು ಶೀಟ್ ಹಾಸಿ, ಶೀಟಿನ ಅಂಚು ಗೋಡೆ ತಲೆ ಮೇಲೆ ಬಂದು ಮುಂದಕ್ಕೆ ಇಳೀಬೇಕು, ಆ ಸಂದಿಗೆ ಒಂದು ಹನಿಯೂ ಹೋಗಬಾರ್ದು. ಜೆಸಿಬಿ, ಟ್ರ್ಯಾಕ್ಟರ್ ಯಾವುದೂ ಗೋಡೆ ಹತ್ರ ಮೇಲ್ಗಡೆ ಬರೋದು ಬೇಡ, ಗೋಡೆ ಎಷ್ಟು ಎತ್ರ ಇದ್ಯೋ ಅಷ್ಟಾದ್ರೂ ದೂರ. ಕೆಳಗಿನ ಸಾಲಿಗೆ ಕೋರ್ ಕಟ್ಟಿಂಗ್ ಮೆಷಿನಲ್ಲಿ ನಾಲ್ಕಿಂಚಿನ ತೂತು ತೆಗೆಸಿ, ಐದಡಿಗೊಂದು ಇರ್ಲಿ. ಸುತ್ತಿಗೆ ಉಳಿ, ಬ್ರೇಕರ್ ಬೇಡವೇ ಬೇಡ, ಆ ಅದುರಿಗೆ ಸಂದು ಬಿಟ್ಟಿರೋ ಕಲ್ಲು ಕಳಚತ್ತೆ. ಮಧ್ಯದ ಹೊಟ್ಟೆ ಜಾಗ ಬಿಟ್ಟು ಎರಡೂ ತುದಿಯಿಂದ ಶುರು ಮಾಡಿ. ತೂತಿಗೆ ಸುತ್ತ ಸಣ್ಣ ರಂಧ್ರ ಕೊರೆದ ಪೈಪ್ ಹಾಕಿ ಮಣ್ಣು ಸೋಸೋ ಬಟ್ಟೆ ಸುತ್ತಿ ಎರಡು ಮೂರಡಿ ಮಣ್ಣೊಳಗೆ ಹೋಗೋ ಹಾಗೆ, ಹೊರಗಡೆಗೆ ಇಳಿಜಾರಾಗಿ ಕೂರಿಸಿದ್ರೆ ಜೇಡೀಲೂ ಒಂದಷ್ಟು ಬಸಿಯತ್ತೆ. ಇದೂ ಈ ಮಳೆಗಾಲ ದಾಟಿಸಕ್ಕೆ ಅಷ್ಟೆ.

ಬಿರುಕಿನ ಎರಡೂ ಕಡೆ ಪೆನ್ಸಿಲಲ್ಲಿ ಗುರುತು ಹಾಕಿ ಪಕ್ಕದಲ್ಲಿ ತಾರೀಕು ಬರೀರಿ, ಮಳೇಲಿ ವಾರಕ್ಕೊಮ್ಮೆ ಅಳೀರಿ. ಅಗಲ ಆಗ್ತಿದೆ, ಇಲ್ಲಾ ಜಿನುಗೋ ನೀರು ಇದ್ದಕ್ಕಿದ್ದ ಹಾಗೆ ಕೆಂಪಗೋ ಬೆಳ್ಳಗೋ ಕದಡಿ ಬರ್ತಿದೆ, ಇಲ್ಲಾ ಬರ್ತಿದ್ದ ನೀರು ಮಳೆ ಇದ್ರೂ ನಿಂತೋಯ್ತು ಅಂದ್ರೆ ಆ ಕಡೆ ಬಾಗ್ಲು ಮುಚ್ಚಿ ಯಾರೂ ಹೋಗ್ಬೇಡಿ. ಮಕ್ಕಳನ್ನಂತೂ ಈ ಮಳೆಗಾಲ ಪೂರ್ತಿ ಆ ಕಡೆ ಬಿಡ್ಬೇಡಿ.


ಕಲ್ಲುಕೆಲಸ

ಗೋಡೆ ಬುಡದಲ್ಲಿ ಮುಂದ್ಗಡೆ ಚರಂಡಿಗೆ ಅಂತ ಅಗೆಯೋದೂ ಬೇಡ ಈಗ. ತುಂಬ ಜನ ಅದನ್ನೇ ಮಾಡ್ತಾರೆ, ನೀರು ಜಿನುಗ್ತಿದೆ ಅಂತ ಬುಡಕ್ಕೇ ಕಾಲುವೆ ಹೊಡೀತಾರೆ, ಗೋಡೆ ಜಾರದ ಹಾಗೆ ಹಿಡಿದಿರೋದೇ ಆ ಮುಂದಿನ ಮಣ್ಣು.


ಗುಡ್ಡದಮನೆ

ನಿಮ್ಮೆಲ್ರ ಮಾತು ಓದಿ ಧೈರ್ಯ ಬಂತು. ಪ್ಲಾಸ್ಟರ್ ಕ್ಯಾನ್ಸಲ್. ಕೊಟ್ಟಿಗೆ ದಂಬೆಗೆ ಅಳತೆ ಕೊಟ್ಟಾಯ್ತು, ಶೀಟ್ ಸಾವಿರದ ನೂರು ಚದರಡಿ ಇದೆ, ಇಷ್ಟು ವರ್ಷ ಅದ್ರ ನೀರು ಪೂರ್ತಿ ಗೋಡೆ ಹಿಂದಿನ ಹಿತ್ಲಿಗೇ ಬೀಳ್ತಿತ್ತು. ಇಂಜಿನಿಯರ್ ಒಬ್ರು ಭಾನುವಾರ ಬಂದು ನೋಡ್ತಾರೆ. ಮಳೆಗಾಲ ಕಳೆದ ಮೇಲೆ ಹಿಂದ್ಗಡೆ ಸರಿಯಾಗಿ ಮಾಡಿಸೋದು ಹೇಗೆ ಅಂತ ಈಗ್ಲೇ ಹೇಳಿದ್ರೆ ದುಡ್ಡು ಹೊಂದಿಸ್ಕೊಳಕ್ಕೆ ಆಗತ್ತೆ. ಮತ್ತೆ ಆ ಸೋಸೋ ಬಟ್ಟೆ ಅಂದ್ರಲ್ಲ, ಅಡಿಕೆ ಸಸಿಗೆ ತಂದಿದ್ದ ಶೇಡ್‌ನೆಟ್ ಬೇಕಾದಷ್ಟು ಇದೆ, ಗೊಬ್ಬರದ ಚೀಲಾನೂ ಇವೆ, ಅವು ಆಗತ್ತಾ?


ಸೈಟ್‌ಇಂಜಿನಿಯರ್

ಶೇಡ್‌ನೆಟ್ ಆಗಲ್ಲ, ಅದ್ರ ಕಣ್ಣು ಶೇಡಿ ಕಣಕ್ಕೆ ಹೆಬ್ಬಾಗಿಲು ಇದ್ದಂಗೆ. ಗೊಬ್ಬರದ ಚೀಲ ಉಲ್ಟಾ, ಪಟ್ಟಿ ಪಟ್ಟಿ ನೇಯ್ದಿರೋದು, ನೀರೇ ಸರಿಯಾಗಿ ಬಿಡಲ್ಲ. ಬೇಕಾಗಿರೋದು ನಾನ್‌ವೋವನ್ ಜಿಯೋಟೆಕ್ಸ್‌ಟೈಲ್, ಮುಟ್ಟಿದ್ರೆ ದಪ್ಪ ಕಂಬಳಿ ತರ ಇರತ್ತೆ, ರೋಲಲ್ಲಿ ಸಿಗತ್ತೆ. ತೆಂಗಿನ ನಾರಿನ ಮ್ಯಾಟ್ ಇಳಿಜಾರಲ್ಲಿ ಹುಲ್ಲು ಹಿಡಿಸಕ್ಕೆ ಒಳ್ಳೇದು, ಒಳಗೆ ಹೂತು ಹಾಕಿದ್ರೆ ಕೆಲವು ವರ್ಷದಲ್ಲಿ ಕೊಳೆತು ಹೋಗತ್ತೆ. ಇನ್ನೊಂದು ಎಲ್ರೂ ತಪ್ಪೋ ಜಾಗ ಇದು: ಬಟ್ಟೇನ ಬರೀ ಪೈಪಿಗೆ ಬಿಗಿಯಾಗಿ ಸುತ್ತಿ ಬಿಡ್ತಾರೆ, ನುಣ್ಣನೆ ಮಣ್ಣೆಲ್ಲಾ ಆ ಸಣ್ಣ ಸುತ್ತಳತೆಗೇ ಬಂದು ಮೆತ್ಕೊಂಡು ಬಂದ್ ಆಗತ್ತೆ. ಈ ವರ್ಷದ ತೂತಿಗೆ ಬೇರೆ ದಾರಿ ಇಲ್ಲ ಅಂತ ಹಾಗೆ ಹೇಳಿದ್ದು. ಹೊಸದಾಗಿ ಮಾಡುವಾಗ ಬಟ್ಟೆ ಹೋಗ್ಬೇಕಾದ್ದು ಧರೆಗೂ ಜಲ್ಲಿಗೂ ಮಧ್ಯ, ಇಡೀ ಜಲ್ಲಿ ಪದರಾನ ಹೊದ್ದಿಸಿದ ಹಾಗೆ, ಆಗ ಅಷ್ಟೂ ಅಗಲದಲ್ಲಿ ಸೋಸತ್ತೆ.

ಕೆಲಸ ಜನವರಿ ಫೆಬ್ರವರೀಲಿ ಇಟ್ಕೊಳ್ಳಿ, ಜಲ ಪೂರ್ತಿ ಬತ್ತಿರತ್ತೆ. ಭಾನುವಾರ ಬರೋರು ಇದೇ ಗೋಡೆ ಉಳಿಸ್ಬಹುದು ಅಂತಾರೋ ಹೊಟ್ಟೆ ಬಂದಿರೋ ಮಧ್ಯದ ಭಾಗ ಬಿಚ್ಚಿ ಅಗಲ ಬುಡದಲ್ಲಿ ಕಟ್ಬೇಕು ಅಂತಾರೋ, ಎರಡರಲ್ಲೂ ಹಿಂದಿನ ಕೆಲಸ ಒಂದೇ. ಒಂದೇ ಸಲ 60 ಅಡಿ ಅಗೀಬೇಡಿ, ಹತ್ತತ್ತು ಅಡಿ ತುಂಡು ಮಾಡಿ, ಒಂದು ತುಂಡು ತುಂಬಿ ಮುಗಿಸಿದ ಮೇಲೇನೇ ಪಕ್ಕದ್ದು. ಧರೆ ಕಡೆ ನೆಟ್ಟಗೆ ಕಡೀದೆ ಮೆಟ್ಲು ಮೆಟ್ಲಾಗಿ ಹಿಂದಕ್ಕೆ ಇಳಿಜಾರು ಕೊಡಿ, ಒಣ ಶೇಡಿ ಗಟ್ಟಿ ಇದೆ ಅಂತ ನಂಬಿ ಎಂಟಡಿ ಆಳದ ಸಣ್ಣ ಗುಂಡೀಲಿ ಯಾರನ್ನೂ ಇಳಿಸ್ಬೇಡಿ.

ಬುಡದಲ್ಲಿ ತೆಳು ಕಾಂಕ್ರೀಟ್ ಹಾಸಿ, ಇಲ್ಲಾಂದ್ರೆ ಪೈಪಿಗೆ ಬಂದ ನೀರು ಪಾಯದ ಶೇಡಿಗೇ ಇಂಗಿ ಅದನ್ನೇ ಮೆತ್ತಗೆ ಮಾಡತ್ತೆ. ಅದ್ರ ಮೇಲೆ ನಾಲ್ಕಿಂಚಿನ ತೂತಿನ ಪೈಪ್, ತೂತು ಕೆಳಮುಖ ಇರ್ಬೇಕು, ಕೇಳಕ್ಕೆ ವಿಚಿತ್ರ ಅನ್ಸತ್ತೆ, ಆದ್ರೆ ನೀರಿನ ಮಟ್ಟ ಕೆಳಗಿಂದ ಏರತ್ತೆ, ತೂತು ಮೇಲಿದ್ರೆ ಪೈಪಿನೆತ್ರ ನೀರು ತುಂಬಿದ ಮೇಲೇನೇ ಒಳಗೆ ಹೋಗೋದು. 100 ಅಡಿಗೆ ಒಂದಡಿ ಇಳಿಜಾರು, ನಿಮ್ಮ 60 ಅಡಿಗೆ ಏಳಿಂಚು. ಮೇಲಿನ ತುದೀಲಿ ಪೈಪನ್ನ ಬಾಗಿಸಿ ನೆಲದ ಮೇಲಕ್ಕೆ ತಂದು ಮುಚ್ಚಳ ಹಾಕಿ, ಮೇ ತಿಂಗಳಲ್ಲಿ ಅಲ್ಲಿಂದ ಒಂದು ಸಲ ಜೋರು ನೀರು ಬಿಟ್ಟು ತೊಳೆಯಕ್ಕೆ. ಪೈಪ್ ಮೇಲಿಂದ ಗೋಡೆಗೆ ತಾಗಿ ಒಂದಡಿ ದಪ್ಪ 20 ಎಂಎಂ ತೊಳೆದ ಜಲ್ಲಿ, ಕೆಳಗಿಂದ ಮೇಲೆ ಏಳಡಿವರೆಗೆ ಎಲ್ಲೂ ತುಂಡಾಗ್ದೆ ಹೋಗ್ಬೇಕು. 420 ಸಿಎಫ್‌ಟಿ (ಘನ ಅಡಿ) ಬೇಕಾಗತ್ತೆ, ಅಂದ್ರೆ ನೂರು ಘನ ಅಡಿಗೆ ಒಂದು ಯೂನಿಟ್ ಲೆಕ್ಕದಲ್ಲಿ ನಾಲ್ಕು ಯೂನಿಟ್ ಮೇಲೆ ಸ್ವಲ್ಪ. ದೊಡ್ಡ ರೋಡ್ ಕೆಲಸದಲ್ಲಿ ಎರಡಡಿ ಹಾಕ್ತಾರೆ, ನಿಮಗೆ ಜಲ ಏಳೋ ಮಧ್ಯದ ಹತ್ತಿಪ್ಪತ್ತು ಅಡಿಗಾದ್ರೂ ಎರಡಡಿ ಮಾಡಿದ್ರೆ ಒಳ್ಳೇದು. ಕ್ರಷರ್ ಪುಡಿ ಮಿಕ್ಸ್ ಇರೋ ಜಲ್ಲಿ ಇಳಿಸಿದ್ರೆ ವಾಪಸ್ ಕಳಿಸಿ. ಹಿಂದೆ ತುಂಬಕ್ಕೆ ಶೇಡಿ ಬೇಡ, ಕೆಂಪು ಜಂಬಿಟ್ಟಿಗೆ ಗ್ರಾವೆಲ್ ಹಾಕಿ, ಎಂಟೊಂಬತ್ತು ಇಂಚಿನ ಪದರ ಹಾಕಿ ಹಾಕಿ ಸಣ್ಣ ಕಂಪ್ಯಾಕ್ಟರಲ್ಲಿ ಕೂರಿಸಿ. ಕೊನೇ ಒಂದಡಿ ಮಾತ್ರ ಜೇಡಿಮಣ್ಣೇ ಹಾಕಿ ಬಿಗಿಯಾಗಿ ಧಮ್ಮಸ್ಸು ಮಾಡಿ, ಮೇಲಿನ ನೀರು ಜಲ್ಲಿಗೆ ಇಳಿಯದ ಹಾಗೆ. ಜಲ್ಲಿ ಇರೋದು ಗುಡ್ಡದೊಳಗಿನ ನೀರಿಗೆ, ಮೇಲೆ ಬೀಳೋ ಮಳೆಗಲ್ಲ.


ಸಾಗರ_ತೋಟ

ಮೇಲ್ಗಡೆ ಅಂಚಿಗೆ ಮತ್ತೆ ಗಿಡ ಹಾಕುವಾಗ ಲಾವಂಚ ಹಾಕ್ಸಿ, ಒಂದು ಸಾಲು ಒತ್ತೊತ್ತಾಗಿ. ಬೇರು ನೆಟ್ಟಗೆ ಆಳಕ್ಕೆ ಹೋಗತ್ತೆ, ಅಡ್ಡಕ್ಕೆ ಹರಡಿ ಪೈಪ್ ಹಿಡಿಯಲ್ಲ. ಹಲಸು, ಬಿದಿರು, ಅತ್ತಿ ಯಾವುದೂ ಗೋಡೆ ಹತ್ರ ಬೇಡ. ಅಮ್ಮನ ಹೂವಿನ ಗಿಡಕ್ಕೆ ಏನೂ ತೊಂದ್ರೆ ಇಲ್ಲ.


ಗುಡ್ಡದಮನೆ

ಪೈಪಿನ ಕೆಳಗಿನ ಬಾಯಿ ಎಲ್ಲಿಗೆ ಬಿಡೋದು? ಇಳಿಜಾರು ಇರೋ ಕಡೆ ನಮ್ಮ ಬಾವಿ ಇದೆ, ಒಳ್ಳೇ ನೀರಲ್ವಾ, ಬಾವಿಗೇ ಬಿಡೋಣ ಅಂತ ತಮ್ಮ ಹೇಳ್ತಿದಾನೆ.


ಸೈಟ್‌ಇಂಜಿನಿಯರ್

ಬಾವಿಗೆ ಬೇಡ, ಮೇಲೆ ಕೊಟ್ಟಿಗೆ ಇದೆ, ಗಂಜಲ ಗೊಬ್ಬರ ಎಲ್ಲಾ ಅದೇ ಮಣ್ಣಲ್ಲಿ ಇಂಗಿ ಬರೋ ನೀರು ಅದು, ಕುಡಿಯೋ ಬಾವಿಗೆ ಹೋಗಬಾರ್ದು. ಬಾವಿ ದಾಟಿಸಿ ಕೆಳಗಿನ ತೋಟದ ಬಸಿಗಾಲುವೆಗೆ ಬಿಡಿ, ಅಲ್ಲೀವರೆಗೆ ತೂತಿಲ್ಲದ ಪೈಪ್ ಹಾಕಿ. ಬಾಯಿ ಕಣ್ಣಿಗೆ ಕಾಣೋ ಜಾಗದಲ್ಲಿರ್ಲಿ, ಇಲಿ ಏಡಿ ಹೋಗದ ಹಾಗೆ ಮೆಶ್ ಹಾಕಿ, ಬೀಳೋ ಕಡೆ ನಾಲ್ಕು ಚಪ್ಪಡಿ ಕಲ್ಲು ಹಾಸಿ ಮಣ್ಣು ಕೊರೀದಿರೋ ಹಾಗೆ. ಪುಷ್ಯ ಮಳೇಲಿ ಅಲ್ಲಿ ತಿಳಿ ನೀರು ಧಾರೆಯಾಗಿ ಬರ್ತಿದ್ರೆ ಒಳಗೆ ಕೆಲಸ ಸರಿಯಾಗಿ ಆಗಿದೆ.